ಹಳೇ ಲಿಥಿಯಂ ಬ್ಯಾಟರಿ ಏನು ಮಾಡೋದು? ಕೋಲಾರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ನನ್ನದೊಂದು ಚಿಕ್ಕ ರಿಪೇರಿ ಅಂಗಡಿ ಇದೆ. ಮೊಬೈಲು, ಟಾರ್ಚು, ಔಷಧಿ ಹೊಡೆಯುವ ಸ್ಪ್ರೇಯರು, ಈಗೀಗ ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜರುಗಳೂ ಬರುತ್ತವೆ. ಹೊಸ ಬ್ಯಾಟರಿ ಹಾಕಿಸಿಕೊಂಡು ಹೊರಡುವಾಗ ಹಳೆಯದನ್ನು ಟೇಬಲ್ ಮೇಲೇ ಬಿಟ್ಟು "ನೀವೇ ಎಲ್ಲಾದ್ರೂ ಹಾಕ್ಬಿಡಿ ಅಣ್ಣ" ಅನ್ನುತ್ತಾರೆ. ಆ "ಎಲ್ಲಾದ್ರೂ" ಎಲ್ಲಿ ಅನ್ನುವುದನ್ನು ಎಷ್ಟೋ ಸಲ ಬಾಯಲ್ಲಿ ಹೇಳಿದ್ದೇನೆ. ಈಗ ಬರೆದಿಡುತ್ತಿದ್ದೇನೆ. ಪೂರ್ತಿ ಓದಲು ಟೈಮ್ ಇಲ್ಲದಿದ್ದರೆ ಇದಿಷ್ಟನ್ನು ನೆನಪಿಡಿ: ಒಡೆಯಬೇಡಿ, ಸುಡಬೇಡಿ, ಕಸಕ್ಕೆ ಹಾಕಬೇಡಿ, ಇಡಿಯಾಗಿ ಕೊಡಿ.

ಬ್ಯಾಟರಿ ಸತ್ತೇ ಹೋಗಿದೆಯಲ್ಲ, ಅದರಲ್ಲಿ ಇನ್ನೇನಿರುತ್ತೆ?

ಇದೇ ಮೊದಲ ತಪ್ಪು ತಿಳಿವಳಿಕೆ. ಹಾಳಾದ ಬ್ಯಾಟರಿ ಬೇರೆ, ಖಾಲಿ ಬ್ಯಾಟರಿ ಬೇರೆ. ಫೋನು ಬೆಳಗ್ಗೆ ಚಾರ್ಜ್ ಮಾಡಿದರೆ ಮಧ್ಯಾಹ್ನಕ್ಕೆ ಆಫ್ ಆಗುತ್ತದೆ ಅಂತ ಬ್ಯಾಟರಿ ಬದಲಾಯಿಸುತ್ತೀರಿ, ಸರಿ. ಆದರೆ ಅದು ಮೊದಲಿನಷ್ಟು ಹಿಡಿಯುವುದಿಲ್ಲ ಅಷ್ಟೇ, ಏನೂ ಹಿಡಿಯುವುದಿಲ್ಲ ಅಂತಲ್ಲ. ಅಂಗಡಿಯಲ್ಲಿ ತೆಗೆದ ಹಳೇ ಬ್ಯಾಟರಿಗೆ ಮೀಟರ್ ಇಟ್ಟರೆ ಹೆಚ್ಚಿನ ಸಲ 3.7, 3.8 ವೋಲ್ಟ್ ತೋರಿಸುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ 4.2 ವೋಲ್ಟ್ ಅಥವಾ ಸ್ವಲ್ಪ ಜಾಸ್ತಿ ಇರುತ್ತದೆ, ಇಷ್ಟು ಹೇಳಿದರೆ ನಿಮಗೇ ಅಂದಾಜು ಸಿಗುತ್ತದೆ. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಹಾಗೆ.

ಒಳಗೆ ಏನಿದೆ ಅಂದರೆ, ತೆಳ್ಳಗಿನ ತಾಮ್ರದ ಹಾಳೆ, ಅದರ ಮೇಲೆ ಗ್ರಾಫೈಟ್ ಪುಡಿ. ಇನ್ನೊಂದು ಕಡೆ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಲಿಥಿಯಂ ಇರುವ ಕಪ್ಪು ಪುಡಿ. ಇವೆರಡರ ನಡುವೆ ಒಂದು ತೆಳು ಪ್ಲಾಸ್ಟಿಕ್ ಪರದೆ. ಎಲ್ಲವೂ ಬೇಗ ಹೊತ್ತಿಕೊಳ್ಳುವ ಒಂದು ದ್ರವದಲ್ಲಿ ನೆನೆದಿರುತ್ತವೆ. ಆ ಪರದೆ ಹರಿದರೆ, ಅಂದರೆ ಬಗ್ಗಿಸಿದರೆ, ಚುಚ್ಚಿದರೆ, ಲಾರಿ ಚಕ್ರದ ಕೆಳಗೆ ಬಿದ್ದರೆ, ಎರಡೂ ಕಡೆ ತಾಗಿಕೊಂಡು ಒಳಗೇ ಬಿಸಿ ಏರುತ್ತದೆ. ಬಿಸಿ ಇನ್ನಷ್ಟು ಬಿಸಿಯನ್ನು ಹುಟ್ಟಿಸುತ್ತದೆ. ಆಮೇಲೆ ತಡೆಯುವುದು ಕಷ್ಟ.

ನಮ್ಮ ಮನೆಯಲ್ಲಿ ಇಂಥ ಬ್ಯಾಟರಿ ಎಲ್ಲೆಲ್ಲಿದೆ?

ಫೋನು, ಲ್ಯಾಪ್‌ಟಾಪು, ಪವರ್ ಬ್ಯಾಂಕು, ಕಿವಿಗೆ ಹಾಕುವ ಬಡ್ಸ್, ಮಕ್ಕಳ ರಿಮೋಟ್ ಕಾರು, ಟ್ರಿಮ್ಮರು, ತಲೆಗೆ ಕಟ್ಟುವ ಟಾರ್ಚು. ರೇಷ್ಮೆ ಮನೆಯಲ್ಲಿ ರಾತ್ರಿ ಹುಳುವಿಗೆ ಸೊಪ್ಪು ಹಾಕುವವರ ಹತ್ತಿರ ಇಂಥ ಟಾರ್ಚು ಎರಡು ಮೂರಾದರೂ ಇರುತ್ತವೆ, ಒಂದು ಕೆಟ್ಟರೆ ಇನ್ನೊಂದು. ಈಗಿನ ಸೋಲಾರ್ ಬೀದಿದೀಪಗಳಲ್ಲೂ ಇದೆ.

ಸ್ಪ್ರೇಯರ್ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಟೊಮೇಟೊ, ಮಾವು ಬೆಳೆಯುವವರೆಲ್ಲ ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಸ್ಪ್ರೇಯರ್ ಇಟ್ಟಿದ್ದಾರೆ. ಅದರಲ್ಲಿ ಎರಡು ಜಾತಿ. ಹಳೆಯ ಮಾದರಿಯಲ್ಲಿ ಸೀಸದ ಬ್ಯಾಟರಿ, ಇಟ್ಟಿಗೆಯ ಹಾಗೆ ಭಾರ, 12 ವೋಲ್ಟ್ ಅಂತ ಬರೆದಿರುತ್ತದೆ. ಹೊಸದರಲ್ಲಿ ಲಿಥಿಯಂ, ಕೈಯಲ್ಲಿ ಹಿಡಿದರೆ ಹಗುರ, ನೀಲಿ ಬಣ್ಣದ ಪ್ಲಾಸ್ಟಿಕ್ ಸುತ್ತಿರುವುದೇ ಜಾಸ್ತಿ. ಇವೆರಡನ್ನೂ ಒಂದೇ ಚೀಲಕ್ಕೆ ಹಾಕಿ ಕೊಡಬೇಡಿ. ಸೀಸದ ಬ್ಯಾಟರಿಗೆ ನಮ್ಮಲ್ಲಿ ಹಿಂದಿನಿಂದಲೂ ಕೊಳ್ಳುವವರಿದ್ದಾರೆ, ಅದು ಸೀಸ ಕರಗಿಸುವ ಕುಲುಮೆಗೆ ಹೋಗುತ್ತದೆ. ಆ ಕುಲುಮೆಗೆ ಗೊತ್ತಿಲ್ಲದೆ ಒಂದು ಲಿಥಿಯಂ ಪ್ಯಾಕ್ ಹೋದರೆ ಸಿಡಿಯುತ್ತದೆ. ಅಲ್ಲಿ ನಿಂತು ಕೆಲಸ ಮಾಡುವವನಿಗೆ ಅದು ಗೊತ್ತೇ ಇರುವುದಿಲ್ಲ.

ಕಸದ ಗಾಡಿಗೆ ಹಾಕಿದರೆ ಏನಾಗುತ್ತೆ? ಒಂದೇ ಒಂದು ಚಿಕ್ಕದು ತಾನೇ?

ಗಾಡಿಯಲ್ಲಿ ಕಸವನ್ನು ಒತ್ತುತ್ತಾರೆ. ಬ್ಯಾಟರಿ ಬಗ್ಗುತ್ತದೆ. ಪಕ್ಕದಲ್ಲೇ ಒಣ ಪೇಪರ್, ಪ್ಲಾಸ್ಟಿಕ್ ಇರುತ್ತದೆ. ಬೆಂಕಿಗೆ ಇನ್ನೇನು ಬೇಕು? ಆ ಗಾಡಿಯ ಹಿಂದೆ ನಿಂತು ಬರಿಗೈಲಿ ಕಸ ಬೇರ್ಪಡಿಸುವ ಅಕ್ಕನ ಮುಖ ಒಂದು ಸಲ ನೆನಪು ಮಾಡಿಕೊಳ್ಳಿ. ಮನೆ ಮುಂದೆ ಕಸ ಗುಡಿಸಿ ಬೆಂಕಿ ಹಾಕುವವರೂ ಅಷ್ಟೇ, ರಾಶಿಯಲ್ಲಿ ಬಡ್ಸ್ ಡಬ್ಬಿಯೊಂದು ಇದ್ದರೂ ಸಾಕು, ಪಟಾಕಿಯ ಹಾಗೆ ಸಿಡಿಯುತ್ತದೆ.

2016ರ ಘನತ್ಯಾಜ್ಯ ನಿಯಮಗಳಲ್ಲೇ ಹಳೇ ಬ್ಯಾಟರಿಯನ್ನು ಮನೆಯ ಅಪಾಯಕಾರಿ ಕಸದ ಪಟ್ಟಿಗೆ ಸೇರಿಸಿದ್ದರು, ಪೆಯಿಂಟ್ ಡಬ್ಬಿ, ಟ್ಯೂಬ್‌ಲೈಟ್, ಅವಧಿ ಮುಗಿದ ಮಾತ್ರೆಗಳ ಜೊತೆ. ಹಸಿ ಕಸವೂ ಅಲ್ಲ, ಒಣ ಕಸವೂ ಅಲ್ಲ.

ಕೆರೆ ಏರಿಯ ಹತ್ತಿರ ಗುಂಡಿ ತೋಡಿ ಹೂತರೆ?

ಬೇಡ. ದಯವಿಟ್ಟು ಬೇಡ. ನಮ್ಮ ಜಿಲ್ಲೆಯಲ್ಲಿ ಬೋರ್ ಸಾವಿರ ಅಡಿ ದಾಟಿದರೂ ನೀರು ಬರುತ್ತದೆ ಅನ್ನುವ ನಂಬಿಕೆ ಇಲ್ಲ, ಬಂದ ನೀರಲ್ಲಿ ಫ್ಲೋರೈಡ್ ಕಾಟ ಬೇರೆ. 2018ರಿಂದ ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬರುತ್ತಿದೆ, ಅದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಅದರ ಗುಣಮಟ್ಟದ ಬಗ್ಗೆ ನಾವೆಲ್ಲ ಎಷ್ಟು ಮಾತಾಡಿದ್ದೇವೆ ನಿಮಗೇ ಗೊತ್ತು. ಆ ಕೆರೆಯ ಪಕ್ಕಕ್ಕೇ ನಾವೇ ಹೋಗಿ ಕೋಬಾಲ್ಟು, ನಿಕಲ್ಲು ಹೂಳುವುದಾ? ಲಿಥಿಯಂ ಬ್ಯಾಟರಿಯ ದ್ರವದಲ್ಲಿ ಫ್ಲೋರಿನ್ ಇರುವ ಒಂದು ಉಪ್ಪು ಇರುತ್ತದೆ. ಕವಚ ತುಕ್ಕು ಹಿಡಿದು ತೂತಾಗಿ ನೀರು ತಾಗಿದರೆ ಅದು ಒಡೆದು ಹೈಡ್ರೋಜನ್ ಫ್ಲೋರೈಡ್ ಅನ್ನುವ ವಿಷವಾಗುತ್ತದೆ. ಹೂತರೆ ಕಣ್ಣಿಂದ ಮರೆಯಾಗುತ್ತದೆ, ಮಣ್ಣಿಂದ ಮರೆಯಾಗುವುದಿಲ್ಲ.

ಬ್ಯಾಟರಿ ಊದಿಕೊಂಡಿದೆ. ಪಿನ್ ಚುಚ್ಚಿ ಗಾಳಿ ಬಿಡಬಹುದಾ?

ಯಾವ ಕಾರಣಕ್ಕೂ ಬೇಡ. ಒಳಗಿರುವುದು ಗಾಳಿ ಅಲ್ಲ, ದ್ರವ ಒಡೆದು ಹುಟ್ಟಿದ ಅನಿಲ, ಹೊತ್ತಿಕೊಳ್ಳುವಂಥದ್ದು, ಉಸಿರಿಗೂ ಕೆಟ್ಟದ್ದು. ಫೋನಿನ ಹಿಂದಿನ ಮುಚ್ಚಳ ಎದ್ದು ಬಂದಿದ್ದರೆ ಅದನ್ನು ಒತ್ತಿ ಕೂರಿಸಬೇಡಿ. ಚಾರ್ಜಿಗೂ ಹಾಕಬೇಡಿ. ಆಫ್ ಮಾಡಿ, ಒಣ ಮರಳು ಹಾಕಿದ ಮಡಕೆಯಲ್ಲೋ ತಗಡಿನ ಡಬ್ಬದಲ್ಲೋ ಇಟ್ಟು, ಡಬ್ಬವಾದರೆ ಮುಚ್ಚಳ ಬಿಗಿ ಮಾಡದೆ ಸಡಿಲವಾಗಿ ಮುಚ್ಚಿ, ಮನೆಯ ಹೊರಗೆ, ಬಿಸಿಲು ಮಳೆ ತಾಗದ ಕಡೆ ಇಡಿ. ಆದಷ್ಟು ಬೇಗ ರಿಪೇರಿಯವರ ಹತ್ತಿರ ತಂದುಕೊಡಿ.

ಇಷ್ಟು ಖಡಕ್ಕಾಗಿ ಯಾಕೆ ಹೇಳುತ್ತೇನೆ ಅಂದರೆ ನನ್ನ ಅಂಗಡಿಯಲ್ಲೇ ಆಗಿದೆ. ಕೆಲವು ವರ್ಷದ ಹಿಂದೆ, ಬೇಸಿಗೆ. ತೆಗೆದ ಬ್ಯಾಟರಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಡಬ್ಬಕ್ಕೆ ಹಾಕುತ್ತಿದ್ದೆ. ಅದೇ ಡಬ್ಬದಲ್ಲಿ ಉಳಿದ ಸ್ಕ್ರೂಗಳೂ ಇದ್ದವು, ಅದು ತಪ್ಪು ಅಂತ ಆಗ ಹೊಳೆಯಲೇ ಇಲ್ಲ. ಸಂಜೆ ಬಾಗಿಲು ಹಾಕಿ ಹೋಗಿದ್ದೆ. ಪಕ್ಕದ ಟೀ ಅಂಗಡಿಯವರು ಫೋನ್ ಮಾಡಿ "ಶಟರ್ ಕೆಳಗಿಂದ ಹೊಗೆ ಬರ್ತಿದೆ ಬನ್ನಿ" ಅಂದರು. ಓಡಿ ಬಂದು ನೋಡಿದರೆ ಡಬ್ಬ ಕರಗಿ ಟೇಬಲ್ಲಿಗೆ ಅಂಟಿಕೊಂಡಿದೆ, ಗಂಟಲು ಕಟ್ಟುವಂಥ ಸಿಹಿಯಾದ ಕೆಟ್ಟ ವಾಸನೆ, ಮೇಲಿನ ಶೆಲ್ಫಿನ ಕೆಳಭಾಗ ಪೂರ್ತಿ ಕಪ್ಪು. ಒಂದು ಸ್ಕ್ರೂ ಎರಡು ತುದಿಗೆ ತಾಗಿತ್ತು ಅಷ್ಟೇ. ಟೀ ಅಂಗಡಿ ಆವತ್ತು ಬೇಗ ಮುಚ್ಚಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ. ಟೇಬಲ್ ಮೇಲೆ ಬಟ್ಟಲಿನಷ್ಟು ಅಗಲದ ಸುಟ್ಟ ಗುರುತು ಇದೆ, ಅಂಗಡಿಗೆ ಬಂದವರು ಕೇಳಿದರೆ ತೋರಿಸುತ್ತೇನೆ.

ಹಾಗಾದರೆ ಕೊಡುವ ತನಕ ಮನೆಯಲ್ಲಿ ಹೇಗಿಡೋದು?

ಎರಡು ತುದಿಗೂ, ಅಂದರೆ ಲೋಹ ಕಾಣುವ ಕಡೆಗೆಲ್ಲ, ಇನ್ಸುಲೇಷನ್ ಟೇಪ್ ಸುತ್ತಿ. ವೈರ್ ಇದ್ದರೆ ಕೆಂಪು ಬೇರೆ, ಕಪ್ಪು ಬೇರೆ ಸುತ್ತಿ, ಎರಡನ್ನೂ ಒಟ್ಟಿಗೆ ಕತ್ತರಿಯಲ್ಲಿ ಕತ್ತರಿಸಬೇಡಿ, ಕತ್ತರಿಯೇ ಎರಡನ್ನೂ ಸೇರಿಸಿ ಕಿಡಿ ಹಾರುತ್ತದೆ. ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕಿ. ಕೀಲಿ, ಚಿಲ್ಲರೆ, ಮೊಳೆ ಇರುವ ಡ್ರಾಯರ್ ಬೇಡ. ಅಡುಗೆಮನೆಯ ಗ್ಯಾಸ್ ಹತ್ತಿರ ಬೇಡ, ಶೀಟ್ ಮನೆಯಲ್ಲಿ ಸೂರಿನ ಕೆಳಗಿನ ಅಟ್ಟ ಬೇಡ, ಏಪ್ರಿಲ್‌ನಲ್ಲಿ ಅಲ್ಲಿ ಒಲೆಯಂತೆ ಕಾದಿರುತ್ತದೆ. ತಿಂಗಳುಗಟ್ಟಲೆ ಕೂಡಿಡಬೇಡಿ.

ಉಪ್ಪುನೀರಿನಲ್ಲಿ ಮುಳುಗಿಸಿದರೆ ಕರೆಂಟ್ ಇಳಿದು ಸೇಫ್ ಆಗುತ್ತದೆ ಅಂತ ಯಾರೋ ವಿಡಿಯೊ ನೋಡಿ ಬಂದು ಕೇಳುತ್ತಾರೆ. ಮನೆಯಲ್ಲಿ ಮಾಡಬೇಡಿ. ತುದಿಗಳು ಬೇಗ ತುಕ್ಕು ತಿಂದು ಹೋಗುತ್ತವೆ, ಒಳಗೆ ಚಾರ್ಜ್ ಹಾಗೇ ಉಳಿಯಬಹುದು, ಅನಿಲ ಬರುತ್ತದೆ. ಆ ನೀರನ್ನು ಕೊನೆಗೆ ಚೆಲ್ಲುವುದು ಎಲ್ಲಿ, ಚರಂಡಿಗೆ ತಾನೇ?

ಗುಜರಿಯವರಿಗೆ ಕೊಟ್ಟರೆ ದುಡ್ಡಾದರೂ ಬರುತ್ತೆ ಅಲ್ವಾ?

ಗುಜರಿಯವರನ್ನು ಬೈಯುವುದು ಸುಲಭ, ನನಗೆ ಅದು ಇಷ್ಟವಿಲ್ಲ. ಈ ಊರಿನ ಕಬ್ಬಿಣ, ಪೇಪರ್, ಪ್ಲಾಸ್ಟಿಕ್ ಎಲ್ಲ ಮತ್ತೆ ಬಳಕೆಗೆ ಹೋಗುತ್ತಿರುವುದು ಅವರ ಬೆವರಿನಿಂದಲೇ. ಆದರೆ ಲಿಥಿಯಂ ಬ್ಯಾಟರಿ ಅವರ ಸುತ್ತಿಗೆಗೆ ಒಗ್ಗುವ ಮಾಲಲ್ಲ.

ಒಂದು ಗೋಡೌನಿನಲ್ಲಿ ಕಣ್ಣಾರೆ ನೋಡಿದ್ದೇನೆ. ಇಪ್ಪತ್ತೂ ತುಂಬದ ಹುಡುಗ, ಲ್ಯಾಪ್‌ಟಾಪ್ ಪ್ಯಾಕ್ ಒಡೆದು ಒಳಗಿನ ಸಿಲಿಂಡರ್ ಸೆಲ್ಲುಗಳನ್ನು ತೆಗೆದು, ಉಳಿಯಿಂದ ಸೀಳಿ, ಸುರುಳಿ ಬಿಚ್ಚಿ ತಾಮ್ರದ ಹಾಳೆ ಎಳೆಯುತ್ತಿದ್ದ. ಬೆರಳೆಲ್ಲ ಮಸಿ. ಅವನಿಗೆ ಬೇಕಾದದ್ದು ತಾಮ್ರ ಒಂದೇ, ಅದು ಮಾತ್ರ ಗುಜರಿ ಲೆಕ್ಕಕ್ಕೆ ಬರುತ್ತದೆ. ನಿಜವಾಗಿ ಬೆಲೆಯಿರುವ ಕಪ್ಪು ಪುಡಿ ನೆಲದಲ್ಲಿ ಚೆಲ್ಲಿತ್ತು, ಸಂಜೆ ಪೊರಕೆಯಲ್ಲಿ ಗುಡಿಸಿ ಹೊರಗೆ ಹಾಕುತ್ತಾರೆ. ಆ ಪುಡಿಯಲ್ಲಿ ಕೋಬಾಲ್ಟ್, ನಿಕಲ್, ಲಿಥಿಯಂ ಎಲ್ಲ ಇದೆ, ಅವನ ಶ್ವಾಸಕೋಶಕ್ಕೂ ಅದೇ ಹೋಗುತ್ತಿದೆ. ಮನಸ್ಸಿಗೆ ಬಹಳ ಕಷ್ಟವಾಯಿತು.

ನೋಂದಾಯಿತ ಕಾರ್ಖಾನೆಗೆ ಇಡಿಯಾಗಿ ಕಳಿಸುವ ಗುಜರಿಯವರು ಇದ್ದರೆ ಖಂಡಿತ ಕೊಡಿ. "ಒಡೀತೀರಾ, ಹಾಗೇ ಕಳಿಸ್ತೀರಾ?" ಅಂತ ಒಂದು ಮಾತು ಕೇಳಿ. ಉತ್ತರ ಹೇಳುವ ರೀತಿಯಲ್ಲೇ ಗೊತ್ತಾಗುತ್ತದೆ.

ಸರಿ, ಯಾರಿಗೆ ಕೊಡಬೇಕು? ಕಾನೂನು ಏನು ಹೇಳುತ್ತೆ?

ಕೇಂದ್ರ ಪರಿಸರ ಸಚಿವಾಲಯ 2022ರ ಆಗಸ್ಟಿನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ತಂದಿತು. ಅದಕ್ಕೆ ಮುಂಚೆ ಇದ್ದದ್ದು 2001ರ ನಿಯಮ, ಅದು ಸೀಸದ ಬ್ಯಾಟರಿಯ ಕಾಲದ್ದು. ಹೊಸ ನಿಯಮದ ತಿರುಳು ಇಷ್ಟು: ಬ್ಯಾಟರಿ ತಯಾರಿಸಿದವರು, ಹೊರದೇಶದಿಂದ ತರಿಸಿದವರು, ತಮ್ಮ ಹೆಸರು ಹಾಕಿ ಮಾರಿದವರು ಅದನ್ನು ವಾಪಸ್ ಸಂಗ್ರಹಿಸಿ ರಿಸೈಕಲ್ ಮಾಡಿಸುವ ಹೊಣೆ ಹೊರಬೇಕು. ನೆಲಕ್ಕೆ ಹೂಳುವಂತಿಲ್ಲ, ಸುಡುವಂತಿಲ್ಲ. ಕಂಪನಿಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ರಿಸೈಕಲ್ ಮಾಡುವವರು ರಾಜ್ಯ ಮಂಡಳಿಯಲ್ಲಿ. ನಮ್ಮ ನಿಮ್ಮಂಥ ಬಳಕೆದಾರರಿಗೂ ಒಂದು ಕರ್ತವ್ಯ ಹಾಕಿದ್ದಾರೆ: ಬೇರೆ ಕಸದ ಜೊತೆ ಬೆರೆಸದೆ, ಸಂಗ್ರಹಿಸುವವರಿಗೋ ರಿಸೈಕಲ್ ಮಾಡುವವರಿಗೋ ತಲುಪಿಸಬೇಕು.

ಹಾಗಾಗಿ ಮೊದಲು ಹೋಗಬೇಕಾದದ್ದು ಕೊಂಡ ಕಡೆಗೇ. ಸ್ಕೂಟರ್ ಆದರೆ ಶೋರೂಮು, ಫೋನ್ ಆದರೆ ಆ ಕಂಪನಿಯ ಸರ್ವಿಸ್ ಸೆಂಟರು. "ನಮ್ಮಲ್ಲಿ ತಗೊಳ್ಳಲ್ಲ" ಅಂದರೆ ಕಂಪನಿಯ ವೆಬ್‌ಸೈಟಿನಲ್ಲಿ ಇ-ತ್ಯಾಜ್ಯ ಅಥವಾ ಬ್ಯಾಟರಿ ವಾಪಸಾತಿ ಅಂತ ಇರುವ ನಂಬರಿಗೆ ಫೋನ್ ಮಾಡಿ. ಒಂದು ಸಲ ಮಾಡಿ ಸುಮ್ನೆ ಆಗಬೇಡಿ. ಕೇಳುವವರು ಇಲ್ಲದಿದ್ದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ. ನೋಂದಾಯಿತ ರಿಸೈಕಲ್ ಘಟಕಗಳ ಪಟ್ಟಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರನ್ನು ಕೇಳಿ. ಹಳೇ ಎಲೆಕ್ಟ್ರಾನಿಕ್ ಸಾಮಾನು ಬಿಚ್ಚಿ ಮರುಬಳಕೆ ಮಾಡುವ ಕೆಲಸ ನಮ್ಮ ಸುತ್ತಮುತ್ತ ಹೊಸದೇನಲ್ಲ. ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕಗಳಲ್ಲಿ ಒಂದು 2005ರ ಹೊತ್ತಿಗೇ ಶುರುವಾಗಿತ್ತು.

ಪಂಚಾಯಿತಿ, ಶಾಲೆ, ಹಾಲಿನ ಡೇರಿ, ಇವು ಮನಸ್ಸು ಮಾಡಿದರೆ ಕೆಲಸ ಇನ್ನೂ ಸಲೀಸು. ದಿನಾ ಬೆಳಗ್ಗೆ ಸಂಜೆ ಊರಿನವರೆಲ್ಲ ಡೇರಿಗೆ ಬರುತ್ತಾರೆ. ಅಲ್ಲೊಂದು ಮರಳು ಹಾಕಿದ ತಗಡಿನ ಡ್ರಮ್ಮು ಇಟ್ಟು, ನೋಂದಾಯಿತ ಘಟಕದವರ ಜೊತೆ ಮಾತಾಡಿ, ತುಂಬಿದಾಗ ಗಾಡಿ ಕರೆಸಿದರೆ ಒಂದೊಂದು ಮನೆಯವರು ಕೋಲಾರದವರೆಗೆ ಬರುವುದು ತಪ್ಪುತ್ತದೆ.

ಸ್ಕೂಟರ್ ಪ್ಯಾಕ್ ಪೂರ್ತಿ ಬಿಸಾಡಬೇಕಾ? ಮನೆಯ ಯುಪಿಎಸ್‌ಗೆ ಹಾಕಬಹುದಾ?

ಒಳ್ಳೆಯ ಪ್ರಶ್ನೆ. ಹೊಸದರಲ್ಲಿ 3 ಯೂನಿಟ್ ಹಿಡಿಯುತ್ತಿದ್ದ ಪ್ಯಾಕು 70 ಪರ್ಸೆಂಟಿಗೆ ಇಳಿದರೆ ಸ್ಕೂಟರಿಗೆ ಸಾಲದು ಅನ್ನಿಸುತ್ತದೆ. ಆದರೆ ಇನ್ನೂ 2 ಯೂನಿಟ್ ಹಿಡಿಯುತ್ತದಲ್ಲ! ನಾಲ್ಕು ಬಲ್ಬು, ಎರಡು ಫ್ಯಾನಿಗೆ ಅದು ಬೇಕಾದಷ್ಟು. ರಿಸೈಕಲ್ ಮಾಡುವ ಮುಂಚೆ ಹೀಗೆ ಇನ್ನೊಂದು ಕೆಲಸಕ್ಕೆ ಬಳಸುವುದೇ ಉತ್ತಮ. 2022ರ ನಿಯಮವೂ ಹೀಗೆ ಸರಿಮಾಡಿ ಮರುಬಳಕೆಗೆ ಕೊಡುವವರನ್ನು ಬೇರೆಯಾಗಿ ಗುರುತಿಸಿದೆ.

ಆದರೆ ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಪ್ಯಾಕಿನ ಒಳಗೆ ಹತ್ತಾರು, ಕೆಲವದರಲ್ಲಿ ನೂರಕ್ಕೂ ಜಾಸ್ತಿ ಸೆಲ್ಲುಗಳಿರುತ್ತವೆ. ಎಲ್ಲವೂ ಒಂದೇ ಸಮ ಹಳೆಯದಾಗಿರುವುದಿಲ್ಲ. ಒಂದೊಂದನ್ನೂ ತುಂಬಿಸಿ, ಇಳಿಸಿ, ಎಷ್ಟು ಹಿಡಿಯುತ್ತದೆ, ಒಳಗಿನ ಪ್ರತಿರೋಧ ಎಷ್ಟು ಅಂತ ಅಳೆದು, ಸಮ ಇರುವವನ್ನು ಮಾತ್ರ ಜೋಡಿಸಿ, ಹೊಸ ಬಿಎಂಎಸ್, ಅಂದರೆ ಸೆಲ್ಲುಗಳು ಮಿತಿ ಮೀರಿ ತುಂಬದ, ಇಳಿಯದ ಹಾಗೆ ಕಾಯುವ ಸರ್ಕ್ಯೂಟು, ಹಾಕಬೇಕು. ಸೆಲ್ ಮೇಲೆ ಸೋಲ್ಡರಿಂಗ್ ಕಡ್ಡಿ ಇಟ್ಟು ಅಂಟಿಸುವುದಲ್ಲ, ನಿಕಲ್ ಪಟ್ಟಿ ಇಟ್ಟು ಸ್ಪಾಟ್ ವೆಲ್ಡಿಂಗ್ ಮಾಡಬೇಕು, ಇಲ್ಲದಿದ್ದರೆ ಆ ಬಿಸಿಗೇ ಒಳಗಿನ ಪರದೆ ಹಾಳಾಗುತ್ತದೆ. ಹಳೇ ಲ್ಯಾಪ್‌ಟಾಪ್ ಸೆಲ್ಲುಗಳನ್ನು ಸೇರಿಸಿ, ಬಿಎಂಎಸ್ ಇಲ್ಲದೆ, ಮೇಲೆ ಟೇಪ್ ಸುತ್ತಿ ಸ್ಪ್ರೇಯರಿಗೆ ಕೊಡುವುದನ್ನು ನೋಡಿದ್ದೇನೆ. ಅದು ರೈತನ ಬೆನ್ನಿನ ಮೇಲೆ ಕೂರುವ ವಸ್ತು. ಅದಕ್ಕೇ ನಾನು ಅಂಥ ಪ್ಯಾಕ್ ಕಟ್ಟಿಕೊಡುವುದಿಲ್ಲ, ಕಡಿಮೆಗೆ ಬರುತ್ತದೆ ಅಂತ ಕೇಳಿದರೂ ಇಲ್ಲ ಅನ್ನುತ್ತೇನೆ.

ಕಾರ್ಖಾನೆಯಲ್ಲಿ ಅದನ್ನು ಏನು ಮಾಡುತ್ತಾರೆ?

ಮೊದಲು ಜಾತಿವಾರು ಬೇರ್ಪಡಿಸುತ್ತಾರೆ. ಉಳಿದ ಚಾರ್ಜನ್ನು ಪೂರ್ತಿ ಇಳಿಸುತ್ತಾರೆ. ಆಮೇಲೆ ಗಾಳಿಯ ಆಮ್ಲಜನಕ ತಾಗದ ಹಾಗೆ, ನೈಟ್ರೋಜನ್ ತುಂಬಿದ ಮಷಿನ್ನಿನಲ್ಲಿ ಇಲ್ಲವೇ ನೀರಿನ ಒಳಗೆ ಪುಡಿ ಮಾಡುತ್ತಾರೆ. ಒಣಗಿಸಿ ಜರಡಿ ಹಿಡಿದರೆ, ಅಯಸ್ಕಾಂತ ಹಾಯಿಸಿದರೆ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಬೇರೆಯಾಗುತ್ತವೆ. ಕೆಳಗೆ ಉಳಿಯುವುದು ಕಾಡಿಗೆಯಂಥ ಕಪ್ಪು ಪುಡಿ. ಈ ಕೆಲಸದವರು ಅದನ್ನು ಬ್ಲ್ಯಾಕ್ ಮಾಸ್ ಅನ್ನುತ್ತಾರೆ. ಗುಜರಿ ಗೋಡೌನಿನ ನೆಲದಲ್ಲಿ ಚೆಲ್ಲಿತ್ತು ಅಂದೆನಲ್ಲ, ಅದೇ.

ಮುಂದೆ ಎರಡು ದಾರಿ. ಒಂದು, ಭಾರೀ ಬಿಸಿಯ ಕುಲುಮೆಯಲ್ಲಿ ಕರಗಿಸುವುದು. ಕೋಬಾಲ್ಟ್, ನಿಕಲ್, ತಾಮ್ರ ಸಿಗುತ್ತವೆ, ಆದರೆ ಲಿಥಿಯಂ ಮತ್ತು ಅಲ್ಯೂಮಿನಿಯಂ ಕಿಟ್ಟದ ಜೊತೆ ಹೋಗುತ್ತವೆ. ಇನ್ನೊಂದು, ಪುಡಿಯನ್ನು ಗಂಧಕದ ಆಮ್ಲದಲ್ಲಿ ಕರಗಿಸಿ, ಹಂತ ಹಂತವಾಗಿ ಒಂದೊಂದೇ ಲೋಹವನ್ನು ಹೊರಗೆ ತೆಗೆಯುವುದು. ಇದರಲ್ಲಿ ಲಿಥಿಯಂ ಕೂಡ ಸಿಗುತ್ತದೆ, ಕುಲುಮೆಯಷ್ಟು ಬಿಸಿ ಬೇಡ, ಆದರೆ ನೀರು, ಆಮ್ಲ ಬೇಕು. ಹಾಗೆ ಸಿಕ್ಕ ಕೋಬಾಲ್ಟಿಗೂ ಗಣಿಯಿಂದ ಬಂದ ಕೋಬಾಲ್ಟಿಗೂ ವ್ಯತ್ಯಾಸ ಇಲ್ಲ. ಲೋಹಕ್ಕೆ ವಯಸ್ಸಾಗುವುದಿಲ್ಲ, ಎಷ್ಟು ಸಲ ಬೇಕಾದರೂ ಹೊಸ ಬ್ಯಾಟರಿಗೆ ಹೋಗಬಹುದು.

ನಿಯಮದ ಪ್ರಕಾರ ಫೋನು ಮತ್ತು ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿಯಿಂದ ಒಟ್ಟು ವಸ್ತುವಿನಲ್ಲಿ ವಾಪಸ್ ತೆಗೆಯಬೇಕಾದ ಪಾಲು 2024-25ರಲ್ಲಿ 70 ಪರ್ಸೆಂಟ್, 2025-26ರಲ್ಲಿ 80, 2026-27ರಿಂದ 90. ಬರೀ ತಾಮ್ರ ಕಿತ್ತು ಉಳಿದದ್ದು ಎಸೆಯುವವರು ಈ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ.

ಕೆಲವು ಬ್ಯಾಟರಿಗೆ ಒಳ್ಳೇ ರೇಟು, ಕೆಲವಕ್ಕೆ ಏನೂ ಇಲ್ಲ ಅಂತಾರೆ. ಯಾಕೆ?

ಒಳಗಿನ ಪುಡಿ ಬೇರೆ ಬೇರೆ. ಫೋನು, ಲ್ಯಾಪ್‌ಟಾಪಿನದರಲ್ಲಿ ಹೆಚ್ಚಾಗಿ ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಅದರ ತೂಕದಲ್ಲಿ ಸುಮಾರು 60 ಪರ್ಸೆಂಟ್ ಕೋಬಾಲ್ಟೇ, ಲಿಥಿಯಂ 7 ಪರ್ಸೆಂಟ್ ಅಷ್ಟೇ. ಬಹಳಷ್ಟು ಸ್ಕೂಟರುಗಳಲ್ಲಿ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಮೂರೂ ಸೇರಿದ ಎನ್‌ಎಂಸಿ. ಇವಕ್ಕೆ ಬೇಡಿಕೆ ಇದೆ. ಎಲೆಕ್ಟ್ರಿಕ್ ಆಟೊ, ಸೋಲಾರ್ ದೀಪಗಳಲ್ಲಿ ಜಾಸ್ತಿ ಬರುತ್ತಿರುವುದು ಎಲ್‌ಎಫ್‌ಪಿ, ಅಂದರೆ ಕಬ್ಬಿಣ ಮತ್ತು ಫಾಸ್ಫೇಟು. ಅದು ಬೇಗ ಬಿಸಿಯಾಗುವುದಿಲ್ಲ, ಬಾಳಿಕೆ ಜಾಸ್ತಿ, ಒಳ್ಳೆಯ ಬ್ಯಾಟರಿ. ಆದರೆ ಕಬ್ಬಿಣಕ್ಕೆ ಯಾರು ದುಡ್ಡು ಕೊಡುತ್ತಾರೆ? ಲಿಥಿಯಂ ಬಿಟ್ಟರೆ ಮಾರಲು ಹೆಚ್ಚೇನೂ ಇಲ್ಲ.

ಇಲ್ಲಿಯೇ ಕಂಪನಿಗಳ ಹೊಣೆ ಅನ್ನುವ ನಿಯಮ ಮುಖ್ಯವಾಗುವುದು. ಲಾಭ ಇದ್ದರೆ ಯಾರು ಬೇಕಾದರೂ ಬಂದು ಎತ್ತಿಕೊಂಡು ಹೋಗುತ್ತಾರೆ. ಲಾಭ ಇಲ್ಲದ್ದು ಹಳ್ಳಿಯ ಮೂಲೆಯಲ್ಲಿ ಬೀಳುತ್ತದೆ. ನನಗೆ ನಿಜವಾದ ಚಿಂತೆ ಇರುವುದು ಈ ಎಲ್‌ಎಫ್‌ಪಿ ಪ್ಯಾಕುಗಳದ್ದೇ. ಊರೂರಿಗೆ ಸೋಲಾರ್ ದೀಪ ಬಂದಿದೆ. ಕಂಬದ ಮೇಲಿನ ಡಬ್ಬಿ ಕೆಟ್ಟಾಗ ಅದನ್ನು ಯಾರು ಇಳಿಸುತ್ತಾರೆ, ಎಲ್ಲಿ ಇಡುತ್ತಾರೆ ಅಂತ ಟೆಂಡರ್ ಕರೆಯುವಾಗಲೇ ಪಂಚಾಯಿತಿಯವರು ಬರೆಸಿಕೊಳ್ಳಬೇಕು.

ಆಮ್ಲ, ಕುಲುಮೆ ಅಂತೀರಿ. ಈ ರಿಸೈಕ್ಲಿಂಗೂ ಮಾಲಿನ್ಯವೇ ಅಲ್ವಾ?

ಕೆಟ್ಟದಾಗಿ ಮಾಡಿದರೆ ಹೌದು. ಈ ಮಾತನ್ನು ಕೋಲಾರ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಜಿಎಫ್‌ನಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಚಿನ್ನ ತೆಗೆದರು, 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಹೊರಟುಹೋಯಿತು, ಸೈನೈಡ್ ಗುಡ್ಡಗಳು ಉಳಿದವು. ಗಾಳಿ ಕಾಲದಲ್ಲಿ ಅಲ್ಲಿನ ಧೂಳು ಮನೆಯೊಳಗೆ, ಅನ್ನದ ತಟ್ಟೆಗೆ ಬಂದು ಕೂರುವುದನ್ನು ಅಲ್ಲಿಯವರು ಇವತ್ತಿಗೂ ಅನುಭವಿಸುತ್ತಿದ್ದಾರೆ. ಕೊನೆಯ ವರ್ಷಗಳಲ್ಲಿ ಒಂದು ಟನ್ ಕಲ್ಲು ಅಗೆದು ಅರೆದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ಉಳಿದ ಅಷ್ಟೂ ಗುಡ್ಡವಾಯಿತು.

ಈಗ ಹೋಲಿಸಿ ನೋಡಿ. ಜಗತ್ತಿನ ಕೋಬಾಲ್ಟಿನಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಬರುವುದು ಆಫ್ರಿಕಾದ ಕಾಂಗೊ ದೇಶದಿಂದ. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳೂ ದುಡಿಯುತ್ತಾರೆ ಅನ್ನುವುದು ದಾಖಲಾಗಿದೆ. ಅಲ್ಲೂ ಕೆಜಿಎಫ್‌ನಂಥ ಊರುಗಳಿವೆ, ಅಲ್ಲೂ ಗುಡ್ಡಗಳು ಉಳಿಯುತ್ತವೆ. ನಿಮ್ಮ ಡ್ರಾಯರಿನಲ್ಲಿ ಬಿದ್ದಿರುವ ಹಳೇ ಫೋನಿನಲ್ಲಿ ಅದೇ ಕೋಬಾಲ್ಟ್ ಯಾವ ಅದಿರಿಗಿಂತಲೂ ದಟ್ಟವಾಗಿ, ಆಗಲೇ ತೊಳೆದು ಶುದ್ಧ ಮಾಡಿದ ಸ್ಥಿತಿಯಲ್ಲಿ ಇದೆ. ಅದನ್ನು ಬಿಟ್ಟು ಮತ್ತೆ ನೆಲ ಅಗೆಯುವುದು ಯಾವ ನ್ಯಾಯ?

ಹಾಗಂತ ರಿಸೈಕ್ಲಿಂಗ್ ಅಂತ ಬೋರ್ಡ್ ಹಾಕಿದವರನ್ನೆಲ್ಲ ಕಣ್ಣು ಮುಚ್ಚಿ ನಂಬಬಾರದು. ಆಮ್ಲದ ನೀರನ್ನು ಶುದ್ಧ ಮಾಡಿ ಒಳಗೇ ಮತ್ತೆ ಬಳಸುತ್ತಾರಾ, ಹೊರಗೆ ಬಿಡುತ್ತಾರಾ? ಹೊಗೆ ತೊಳೆಯುವ ವ್ಯವಸ್ಥೆ ಇದೆಯಾ? ಕೆಲಸದವರಿಗೆ ಮಾಸ್ಕು, ಗ್ಲೌಸು ಇದೆಯಾ? ನಮ್ಮ ತಾಲ್ಲೂಕಿಗೆ ಇಂಥ ಘಟಕ ಬಂದರೆ ಉದ್ಯೋಗ ಬರುತ್ತದೆ, ಬರಲಿ. ಜೊತೆಗೆ ಈ ಮೂರು ಪ್ರಶ್ನೆಯನ್ನೂ ಸಾರ್ವಜನಿಕ ಸಭೆಯಲ್ಲಿ ಎದ್ದು ನಿಂತು ಕೇಳೋಣ.

ಮಂಡ್ಯದಲ್ಲೇ ಲಿಥಿಯಂ ಸಿಕ್ಕಿದೆಯಂತಲ್ಲ, ಇನ್ನೇನು ತೊಂದರೆ?

ಮಂಡ್ಯ ಜಿಲ್ಲೆಯ ಮಾರ್ಲಗಲ್ಲ-ಅಲ್ಲಾಪಟ್ಟಣ ಭಾಗದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದ್ದು 1,600 ಟನ್. ಸುದ್ದಿ ದೊಡ್ಡದಾಯಿತು, ಪ್ರಮಾಣ ಚಿಕ್ಕದು. ಅಂದಾಜು ಬೇರೆ, ಅಗೆದು ತೆಗೆಯುವುದು ಬೇರೆ. ನಮ್ಮ ದೇಶ ಇವತ್ತಿಗೂ ಲಿಥಿಯಂ, ಕೋಬಾಲ್ಟಿಗೆ ಹೊರಗಿನವರನ್ನೇ ನಂಬಿದೆ.

ಬೆಂಕಿ ಹೊತ್ತಿಕೊಂಡರೆ ಏನು ಮಾಡಬೇಕು?

ಫೋನಿನಂಥ ಚಿಕ್ಕದಾದರೆ, ಕರೆಂಟಿಗೆ ಸಿಕ್ಕಿಸಿದ್ದರೆ ಮೊದಲು ಸ್ವಿಚ್ ಆಫ್ ಮಾಡಿ, ದೂರದಿಂದ ನೀರು ಸುರಿಯಿರಿ, ಸುರಿಯುತ್ತಲೇ ಇರಿ. ಬಿಸಿ ಇಳಿಸುವುದು ನೀರೇ. ಮರಳು ಹಾಕಿದರೆ ಕಿಡಿ ಹಾರುವುದು ನಿಲ್ಲುತ್ತದೆ, ಒಳಗಿನ ಬಿಸಿ ಹಾಗೇ ಇರುತ್ತದೆ. ಹೊಗೆ ಕುಡಿಯಬೇಡಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ. ಸ್ಕೂಟರ್ ಪ್ಯಾಕ್ ಆದರೆ ನೀವು ಆರಿಸಲು ಹೋಗಲೇಬೇಡಿ. ಮನೆಯವರನ್ನು ಎಬ್ಬಿಸಿ ಹೊರಗೆ ಕರೆದುಕೊಂಡು 112ಕ್ಕೋ 101ಕ್ಕೋ ಫೋನ್ ಮಾಡಿ, ಲಿಥಿಯಂ ಬ್ಯಾಟರಿ ಅಂತ ಮೊದಲೇ ಹೇಳಿ. ಆರಿದ ಮೇಲೂ ಗಂಟೆಗಟ್ಟಲೆ ಬಿಟ್ಟು ಮತ್ತೆ ಹೊತ್ತಿಕೊಳ್ಳಬಹುದು, ಮನೆಯೊಳಗೆ ವಾಪಸ್ ತರಬೇಡಿ.

ಬೇಗ ಹಾಳಾಗದ ಹಾಗೆ ನೋಡಿಕೊಳ್ಳೋದು ಹೇಗೆ?

ಬಿಸಿಯೇ ಇದರ ಶತ್ರು. ಬಿಸಿಲಲ್ಲಿ ಓಡಿಸಿ ಬಂದ ಸ್ಕೂಟರನ್ನು ತಕ್ಷಣ ಚಾರ್ಜಿಗೆ ಹಾಕದೆ ಅರ್ಧ ಮುಕ್ಕಾಲು ಗಂಟೆ ಬಿಡಿ. ಫೋನನ್ನು ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಬೇಡಿ. 20ಕ್ಕಿಂತ ಕೆಳಗೆ ಇಳಿಸದೆ, ದಿನಾ 100ಕ್ಕೆ ಏರಿಸದೆ ಬಳಸಿದರೆ ಬಾಳಿಕೆ ಜಾಸ್ತಿ.

ಸ್ಪ್ರೇಯರ್ ಇರುವವರಿಗೆ ಮುಖ್ಯವಾದ ಮಾತು. ಬೆಳೆ ಮುಗಿದ ಮೇಲೆ ಖಾಲಿ ಆದ ಸ್ಪ್ರೇಯರನ್ನು ಹಾಗೇ ಶೆಡ್ಡಿನಲ್ಲಿ ಎಸೆದು ಮುಂದಿನ ಬೆಳೆಗೆ ತೆಗೆಯುತ್ತೀರಿ, ಆಗ ಚಾರ್ಜೇ ಹಿಡಿಯುವುದಿಲ್ಲ. ಬ್ಯಾಟರಿ ತನ್ನಷ್ಟಕ್ಕೆ ಇನ್ನೂ ಕೆಳಗಿಳಿದು, ಒಳಗಿನ ತಾಮ್ರವೇ ಕರಗಲು ಶುರುವಾಗಿರುತ್ತದೆ. ಲಿಥಿಯಂ ಆದರೆ ಅರ್ಧ ಚಾರ್ಜ್ ಮಾಡಿ ಇಡಿ, ಎರಡು ಮೂರು ತಿಂಗಳಿಗೊಮ್ಮೆ ಸ್ವಲ್ಪ ತುಂಬಿಸಿ. ಸೀಸದ್ದಾದರೆ ಪೂರ್ತಿ ಚಾರ್ಜ್ ಮಾಡಿ ಇಡಬೇಕು. ಇದೊಂದು ಮಾಡಿದ್ದರೆ ನನ್ನ ಹತ್ತಿರ ಬರುವ ಸ್ಪ್ರೇಯರ್ ಬ್ಯಾಟರಿಗಳಲ್ಲಿ ಎಷ್ಟೋ ಇನ್ನೂ ಒಂದೆರಡು ಬೆಳೆ ಕಾಣುತ್ತಿದ್ದವು.

ನಿಮ್ಮ ಅಂಗಡಿಗೇ ತಂದುಕೊಟ್ಟರೆ ತಗೊಳ್ತೀರಾ?

ತಗೊಳ್ಳುತ್ತೇನೆ, ನನ್ನ ಹತ್ತಿರ ಕೊಂಡದ್ದೇ ಆಗಬೇಕಿಲ್ಲ. ಫೋನು, ಟಾರ್ಚು, ಸ್ಪ್ರೇಯರಿನಷ್ಟು ಗಾತ್ರದ್ದು ಸಾಕು. ಸ್ಕೂಟರ್ ಪ್ಯಾಕನ್ನು ಬಸ್ಸಿನಲ್ಲಿ ಹೊತ್ತು ತರಬೇಡಿ, ಶೋರೂಮಿನವರಿಗೇ ಬಂದು ತೆಗೆದುಕೊಂಡು ಹೋಗಲು ಹೇಳಿ. ತುದಿಗೆ ಟೇಪ್ ಸುತ್ತಿ ತನ್ನಿ. ಊದಿದ್ದು ಇದ್ದರೆ ಚೀಲದಿಂದ ತೆಗೆಯುವ ಮುಂಚೆಯೇ ಹೇಳಿ. ಅಂಥವಕ್ಕೆ ಅಂಗಡಿಯ ಹೊರಗೆ ಮೆಟ್ಟಿಲ ಪಕ್ಕ ನೆರಳಲ್ಲಿ ಮರಳಿನ ಮಡಕೆ ಇಟ್ಟಿದ್ದೇನೆ, ನೇರ ಅಲ್ಲಿಗೇ ಹೋಗುತ್ತದೆ. ಉಳಿದವು ಒಂದೊಂದು ಕವರಿನಲ್ಲಿ, ಜಾತಿವಾರು ಬೇರೆ ಬೇರೆ ತಗಡಿನ ಡಬ್ಬದಲ್ಲಿ ಇರುತ್ತವೆ. ಡಬ್ಬ ತುಂಬಿದಾಗ ನೋಂದಾಯಿತ ಘಟಕದ ಗಾಡಿ ಬಂದು ತೂಕ ಹಾಕಿ, ಚೀಟಿ ಕೊಟ್ಟು ಒಯ್ಯುತ್ತದೆ. ಆ ಚೀಟಿಗಳನ್ನು ಟೇಬಲ್ ಮೇಲೆ ಸುಟ್ಟ ಗುರುತಿನ ಪಕ್ಕದ ಕಂಬಿಗೆ ಸಿಕ್ಕಿಸಿದ್ದೇನೆ, ಬೇಕಾದವರು ಬಂದು ನೋಡಬಹುದು.